ಹಾಳೂರುಗಳಲ್ಲಿ ನೀರಿನ ಜಾಡು: ಗ್ರೀಕ್ ದ್ವೀಪಗಳಲ್ಲಿ ಹಡಗಿನ ಒಂದು ವಾರ

ಹಡಗಿನ ಕೋಣೆಗೆ ಕಾಲಿಟ್ಟ ಕೂಡಲೇ ನಾನು ಮಾಡಿದ ಮೊದಲ ಕೆಲಸ ನಲ್ಲಿ ತಿರುಗಿಸಿ ನೋಡಿದ್ದು. ನನ್ನ ತಂಗಿ ಕಿಟಕಿಯ ಪರದೆ ಸರಿಸಿ ಸಮುದ್ರ ನೋಡುತ್ತಿದ್ದಳು, ನಾನು ಬಚ್ಚಲಲ್ಲಿ ನೀರಿನ ಒತ್ತಡ ನೋಡುತ್ತಿದ್ದೆ. ಮೂವತ್ತೆರಡು ವರ್ಷ ನೀರು ಸರಬರಾಜು, ಒಳಚರಂಡಿ ಅಂತ ಓಡಾಡಿದವರಿಗೆ ಇದೊಂದು ರೋಗ. ನಿವೃತ್ತಿಯಾದರೂ ವಾಸಿಯಾಗುವುದಿಲ್ಲ. ತಂಗಿ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವಳು. ಅವಳಿಗೆ ವಿಗ್ರಹ ಬೇಕು, ಕಂಬ ಬೇಕು. ನನಗೆ ಚರಂಡಿ ಬೇಕು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಇಟ್ಟುಕೊಂಡೇ ನಾವಿಬ್ಬರೂ ಏಜಿಯನ್ ಸಮುದ್ರದಲ್ಲಿ ಒಂದು ವಾರ ಸುತ್ತಿದೆವು.

ಆ ನಲ್ಲಿಯ ನೀರು ಎಲ್ಲಿಂದ ಬಂತು ಗೊತ್ತೇ? ಇಂಥ ಹಡಗುಗಳು ಕುಡಿಯುವ ನೀರನ್ನು ಬಹುಮಟ್ಟಿಗೆ ತಾವೇ ಮಾಡಿಕೊಳ್ಳುತ್ತವೆ. ಸಮುದ್ರದ ನೀರನ್ನು ಎಂಜಿನ್ನಿನ ಬಿಸಿಯಲ್ಲಿ ಆವಿ ಮಾಡಿ ಇಳಿಸುತ್ತಾರೆ, ಇಲ್ಲವೇ ಒತ್ತಡ ಕೊಟ್ಟು ಪೊರೆಯ ಮೂಲಕ ಹಾಯಿಸುತ್ತಾರೆ. ನಿಮ್ಮ ಅಡುಗೆಮನೆಯ ಗೋಡೆಯ ಮೇಲೆ ಆರ್‌ಓ ಇದೆಯಲ್ಲ, ಅದರ ದೊಡ್ಡಣ್ಣ. ಸಾವಿರಾರು ಜನ ದಿನಕ್ಕೆರಡು ಸಲ ಸ್ನಾನ ಮಾಡಿ, ಮೇಲಿನ ಅಟ್ಟದಲ್ಲಿ ಈಜುಕೊಳವನ್ನೂ ತುಂಬಿಸಿಕೊಂಡು ತೇಲುತ್ತಾರೆ. ಹಡಗು ಹೋಗಿ ನಿಲ್ಲುವ ದ್ವೀಪಗಳೋ ಬೋಳುಕಲ್ಲು. ಹೆಚ್ಚಿನವುಗಳಲ್ಲಿ ಹರಿಯುವ ನದಿಯಿಲ್ಲ. ನಮಗೆ ಮುಂಗಾರು ಶುರುವಾಗುವ ಹೊತ್ತಿಗೆ ಅವರಿಗೆ ಮಳೆ ಮುಗಿದಿರುತ್ತದೆ. ಅವರ ಮಳೆಗಾಲವೆಂದರೆ ಚಳಿಗಾಲ. ಜೂನಿನಿಂದ ಆಗಸ್ಟಿನವರೆಗೆ ಹನಿ ಬೀಳುವುದೇ ಅಪರೂಪ. ಅಂಥ ಕಲ್ಲಿನ ಮೇಲೆ ಎರಡು ಸಾವಿರ, ಮೂರೂವರೆ ಸಾವಿರ ವರ್ಷಗಳ ಹಿಂದೆ ಊರು ಕಟ್ಟಿದವರು ಏನು ಕುಡಿದರು? ಈ ಒಂದು ಪ್ರಶ್ನೆಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ನಾನು ಹೋಗಿದ್ದು.

ಹಡಗಿನ ಪ್ರವಾಸದಲ್ಲಿ ಹೀಗೊಂದು ಪ್ರಶ್ನೆ ಇಟ್ಟುಕೊಳ್ಳದಿದ್ದರೆ ಎಲ್ಲವೂ ಕಲಸುಮೇಲೋಗರ ಆಗಿಬಿಡುತ್ತದೆ. ಬೆಳಿಗ್ಗೆ ಎದ್ದರೆ ಒಂದು ಊರು, ಸಂಜೆ ಇನ್ನೊಂದು. ಒಂದು ಕಡೆ ನಾಲ್ಕು ಗಂಟೆ, ಇನ್ನೊಂದು ಕಡೆ ಆರು. ಹೊರಡುವ ಅರ್ಧ ಗಂಟೆ ಮುಂಚೆ ಎಲ್ಲರೂ ಹಡಗಿನಲ್ಲಿರಬೇಕು. ಬಾರದವರಿಗೆ ಅದು ಕಾಯುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ನಮ್ಮ ಊಟದ ಮೇಜಿನಲ್ಲಿದ್ದ ಒಬ್ಬರು ತಮ್ಮದೇ ಫೋಟೊ ತೋರಿಸಿ ‘ಇದು ಯಾವ ದ್ವೀಪ?’ ಎಂದು ನಮ್ಮನ್ನೇ ಕೇಳಿದರು. ತಮಾಷೆಗೆ ಹೇಳುತ್ತಿಲ್ಲ.

ಹೊರಡುವ ಮುಂಚಿನ ಒಂದು ಮಾತು. ಈ ಹಡಗುಗಳಲ್ಲಿ ಅನೇಕವು ಮಧ್ಯೆ ಟರ್ಕಿಯ ಕುಶಾದಾಸಿಯಲ್ಲಿ ನಿಲ್ಲುತ್ತವೆ. ಅಲ್ಲಿ ಇಳಿದರೆ ನೀವು ಷೆಂಗೆನ್ ಪ್ರದೇಶದಿಂದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ, ಗ್ರೀಸ್ ಅದರೊಳಗಿದೆ) ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ. ಆದ್ದರಿಂದ ಒಂದೇ ಪ್ರವೇಶದ ವೀಸಾ ಸಾಲದು, ಹಲವು ಪ್ರವೇಶದ್ದೇ ಬೇಕು. ಟರ್ಕಿಯ ಕಾಗದಪತ್ರ ಏನು ಬೇಕೆಂದು ಟಿಕೆಟ್ ಕೊಟ್ಟವರನ್ನು ಮೊದಲೇ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಥೆನ್ಸಿನ ಗುಡ್ಡದ ಮೇಲಿನ ಹಳೆಯ ಗುಡಿಗಳ ತಾಣ ಅಕ್ರೊಪೊಲಿಸ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. 2023ರಿಂದ ದಿನಕ್ಕೆ 20,000 ಜನರ ಮಿತಿ ಇಟ್ಟು, ಗಂಟೆ ಗೊತ್ತುಮಾಡಿ ಟಿಕೆಟ್ ಕೊಡುತ್ತಾರೆ. ಹಡಗು ಹತ್ತುವ ದಿನವೇ ಪಿರೇಯಸ್ ಬಂದರಿನಿಂದ ಓಡಿಹೋಗಿ ನೋಡಿಬರುತ್ತೇವೆ ಎನ್ನುವವರು ಬೆಳಗಿನ ಮೊದಲ ಗಂಟೆಯ ಟಿಕೆಟ್ಟನ್ನು ಮನೆಯಲ್ಲೇ ಕೂತು ಕೊಂಡಿಟ್ಟುಕೊಳ್ಳಿ. ನಾವು ಕೊಂಡಿರಲಿಲ್ಲ. ಕೆಳಗಿನಿಂದಲೇ ಕೈಮುಗಿದು ಬಂದೆವು.

ಮಿಕೊನೊಸ್‌ಗೆ ಬರೋಣ. ಬಿಳಿ ಗೋಡೆ, ನೀಲಿ ಬಾಗಿಲು, ಗಾಳಿಗಿರಣಿ, ದಾರಿ ತಪ್ಪಿಸುವ ಓಣಿಗಳು. ಕಡಲ್ಗಳ್ಳರು ಒಳನುಗ್ಗಿದರೆ ಅವರ ದಿಕ್ಕು ತಪ್ಪಲಿ ಎಂದೇ ಹಾಗೆ ಕಟ್ಟಿದ್ದಾರೆ ಅನ್ನುತ್ತಾರೆ. ಕಳ್ಳರ ಕಥೆ ಏನಾಯಿತೋ, ನಾವಂತೂ ತಪ್ಪಿಸಿಕೊಂಡೆವು. ಆದರೆ ಮಿಕೊನೊಸ್‌ನಲ್ಲಿ ನಿಮಗೆ ಇರುವುದು ಒಂದೇ ಹಗಲಾದರೆ ಆ ಓಣಿಗಳನ್ನು ಬಿಟ್ಟುಬಿಡಿ. ಹಳೆಯ ಬಂದರಿನಿಂದ ದೋಣಿ ಹತ್ತಿ. ಅರ್ಧ ಗಂಟೆಯಲ್ಲಿ ಡೆಲೋಸ್.

ಡೆಲೋಸ್ ಎಷ್ಟು ದೊಡ್ಡದು? ಮೂರೂವರೆ ಚದರ ಕಿಲೋಮೀಟರು. ನಮ್ಮ ಲಾಲ್‌ಬಾಗ್ 240 ಎಕರೆ, ಅಂದರೆ ಹತ್ತಿರ ಹತ್ತಿರ ಒಂದು ಚದರ ಕಿಲೋಮೀಟರು. ಮೂರೂವರೆ ಲಾಲ್‌ಬಾಗನ್ನು ಮರವೇ ಇಲ್ಲದಂತೆ ಬೋಳಿಸಿ ಸಮುದ್ರದ ಮಧ್ಯೆ ಇಟ್ಟರೆ ಅದು ಡೆಲೋಸ್. ಗ್ರೀಕರಿಗೆ ಇದು ಅಪೊಲೋ ದೇವರೂ ಅವನ ಅಕ್ಕ ಆರ್ಟೆಮಿಸಳೂ ಹುಟ್ಟಿದ ನೆಲ. ಕ್ರಿ.ಪೂ. 426ರ ಸುಮಾರಿಗೆ ಅಥೆನ್ಸಿನವರು ‘ಶುದ್ಧೀಕರಣ’ ಅಂತ ಇಲ್ಲಿನ ಗೋರಿಗಳನ್ನೆಲ್ಲ ಅಗೆದು ಪಕ್ಕದ ರೆನೆಯಾ ದ್ವೀಪಕ್ಕೆ ಸಾಗಿಸಿದರು. ಅಲ್ಲಿಂದಾಚೆಗೆ ಡೆಲೋಸಿನಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು. ಬಸುರಿಯನ್ನೂ ಸಾಯುವವರನ್ನೂ ದೋಣಿಯಲ್ಲಿ ಆಚೆ ದಾಟಿಸುತ್ತಿದ್ದರು. ಜಾತಾಶೌಚ, ಮೃತಾಶೌಚ ಕೇಳಿ ಬೆಳೆದ ನಮಗೆ ಇದು ವಿಚಿತ್ರ ಅನಿಸುವುದಿಲ್ಲ. ಒಂದಿಡೀ ದ್ವೀಪವನ್ನೇ ಗರ್ಭಗುಡಿ ಮಾಡಿಕೊಂಡಿದ್ದರು ಅನ್ನಿ.

ಆ ಗರ್ಭಗುಡಿ ಆಮೇಲೆ ಸಂತೆಯಾಯಿತು. ಕ್ರಿ.ಪೂ. 167ರ ಹೊತ್ತಿಗೆ ರೋಮನರು ಇದನ್ನು ಸುಂಕವಿಲ್ಲದ ಬಂದರು ಮಾಡಿದರು. ಸಿರಿಯಾ, ಈಜಿಪ್ಟ್, ಇಟಲಿಯಿಂದೆಲ್ಲ ವ್ಯಾಪಾರಿಗಳು ಬಂದು ನೆಲೆಸಿದರು. ಅವರವರ ದೇವರೂ ಜೊತೆಗೆ ಬಂದರು. ಐಸಿಸ್ ದೇವಿಯ ಗುಡಿ ಇದೆ, ಸಿರಿಯಾದ ದೇವರುಗಳ ಗುಡಿ ಇದೆ. ಮಾರಾಟವಾಗುತ್ತಿದ್ದುದು ಎಣ್ಣೆ, ದ್ರಾಕ್ಷಾರಸ ಮಾತ್ರವಲ್ಲ. ಇಲ್ಲಿ ದಿನಕ್ಕೆ ಹತ್ತು ಸಾವಿರ ಗುಲಾಮರನ್ನು ಇಳಿಸಿಕೊಂಡು ಮಾರಿ ಕಳಿಸುವಷ್ಟು ಅನುಕೂಲ ಇತ್ತು ಎಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಬಂದರಿನ ಕಟ್ಟೆಯ ಮೇಲೆ ನಿಂತು ಮಾರ್ಗದರ್ಶಿ ಇದನ್ನು ಹೇಳಿದಾಗ ನಮ್ಮ ಗುಂಪಿನಲ್ಲಿ ಕ್ಯಾಮೆರಾಗಳು ಒಂದು ಕ್ಷಣ ಕೆಳಗಿಳಿದವು. ನಾವು ದೋಣಿ ಇಳಿದಿದ್ದೂ ಅಲ್ಲೇ ಪಕ್ಕದಲ್ಲಿ.

ಇಷ್ಟು ಜನಕ್ಕೆ ನೀರು? ಅಲ್ಲಿನ ಶ್ರೀಮಂತರ ಮನೆಗಳನ್ನು ನೋಡಿ. ನಡುವೆ ಅಂಗಳ, ಸುತ್ತ ಕಂಬಗಳು, ನಮ್ಮ ತೊಟ್ಟಿಮನೆಯದ್ದೇ ನಕ್ಷೆ. ಅಂಗಳದ ನೆಲದಲ್ಲಿ ಬಣ್ಣದ ಕಲ್ಲುಚೂರು ಕೂರಿಸಿ ಬಿಡಿಸಿದ ಚಿತ್ರ. ಒಂದು ಮನೆಯಲ್ಲಿ ಡಯೋನೈಸಸ್ ದೇವರು ಹುಲಿಯಂಥ ಪ್ರಾಣಿಯ ಮೇಲೆ ಕೂತಿದ್ದಾನೆ. ಎಲ್ಲರೂ ಆ ಚಿತ್ರದ ಫೋಟೊ ತೆಗೆಯುತ್ತಾರೆ. ಆದರೆ ಈ ಅಂಗಳಗಳ ಕೆಳಗೆ ಏನಿದೆ ಕೇಳಿ. ಸಂಪು! ಮಾಡಿನ ಮಳೆನೀರು ಅಂಗಳಕ್ಕೆ ಬಂದು, ಅಲ್ಲಿಂದ ನೆಲದಡಿಯ ತೊಟ್ಟಿಗೆ ಇಳಿಯುತ್ತಿತ್ತು. ಒಳಗೋಡೆಗೆ ನೀರು ಜಿನುಗದ ಗಾರೆ. ನಾವು ಬೆಂಗಳೂರಿನಲ್ಲಿ ಮಳೆಕೊಯ್ಲು ಕಡ್ಡಾಯ ಅಂತ ನೋಟಿಸು ಕೊಟ್ಟು, ದಂಡ ಹಾಕಿ ಜನರಿಂದ ಮಾಡಿಸಬೇಕಾಯಿತು. ಇವರು ಅದರ ಮೇಲೆ ಚಿತ್ರ ಬಿಡಿಸಿಕೊಂಡು ಕೂತಿದ್ದರು. ನಾನು ಬಗ್ಗಿ ತೊಟ್ಟಿಯ ಬಾಯಿ ನೋಡುತ್ತಿದ್ದರೆ ತಂಗಿ, ‘ಅಕ್ಕಾ, ಚರಂಡಿ ನೋಡೋಕೆ ಇಷ್ಟು ದೂರ ಬಂದ್ಯಾ? ತಲೆ ಎತ್ತೇ, ದೇವರು ಇದ್ದಾನೆ’ ಅಂದಳು. ‘ದೇವರಿಗೂ ಅಭಿಷೇಕಕ್ಕೆ ನೀರು ಬೇಕಲ್ಲ’ ಅಂದೆ.

ಅಲ್ಲಿನ ನಾಟಕಶಾಲೆಯ ಬುಡದಲ್ಲಿ ಇನ್ನೂ ದೊಡ್ಡದೊಂದು ಇದೆ. ಗುಡ್ಡದ ಇಳಿಜಾರಿಗೆ ಅರ್ಧಚಂದ್ರಾಕಾರವಾಗಿ ಐದಾರು ಸಾವಿರ ಜನ ಕೂರುವ ಕಲ್ಲಿನ ಮೆಟ್ಟಿಲು. ಅಷ್ಟು ದೊಡ್ಡ ಕಲ್ಲಿನ ಮೊರದ ಮೇಲೆ ಮಳೆ ಬಿದ್ದರೆ ನೀರು ಎಲ್ಲಿಗೆ ಹೋಗಬೇಕು? ಕೆಳಕ್ಕೆ. ಅದನ್ನೆಲ್ಲ ಹಿಡಿದು ಒಂದು ದೊಡ್ಡ ತೊಟ್ಟಿಗೆ ತಿರುಗಿಸಿದ್ದಾರೆ. ತೊಟ್ಟಿಯ ಮೇಲೆ ಚಾವಣಿ ಹೊರಲು ಕಟ್ಟಿದ ಕಲ್ಲಿನ ಕಮಾನುಗಳ ಸಾಲು ಇನ್ನೂ ನಿಂತಿದೆ, ಕೆಳಗೆ ಹಸಿರು ನೀರು, ಕಪ್ಪೆಗಳ ವಟವಟ. ನನ್ನ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಇನ್ನೊಂದು ಕಡೆ ಮೆಟ್ಟಿಲಿಳಿದು ನೀರು ಮೊಗೆಯುವ ಬಾವಿ ಇದೆ, ಥೇಟ್ ನಮ್ಮ ಕಲ್ಯಾಣಿಯ ತಮ್ಮ. ಡೆಲೋಸಿನಲ್ಲಿ ಸಿಕ್ಕ ಒಂದು ಶಾಸನ ಹೇಳುತ್ತದೆ: ಚಿಲುಮೆಯಲ್ಲಿ ಏನನ್ನೂ ತೊಳೆಯಬೇಡಿ, ಈಜಬೇಡಿ, ಸಗಣಿ ಕಸ ಹಾಕಬೇಡಿ, ಹಾಕಿದರೆ ದಂಡ. ಎರಡೂವರೆ ಸಾವಿರ ವರ್ಷದ ಹಿಂದಿನ ಬೋರ್ಡು. ನಾನು ಸರ್ವಿಸಿನಲ್ಲಿದ್ದಾಗ ಇಂಥ ಎಷ್ಟು ಬೋರ್ಡು ಬರೆಸಿದ್ದೇನೋ ಲೆಕ್ಕವಿಲ್ಲ. ಬೋರ್ಡು ಇದೆ ಅಂದರೆ ಜನ ಅಲ್ಲೇ ಬಟ್ಟೆ ಒಗೆಯುತ್ತಿದ್ದರು ಅಂತಲೇ ಅರ್ಥ.

ಕ್ರಿ.ಪೂ. 88ರಲ್ಲಿ ರೋಮನರ ವೈರಿ ಮಿಥ್ರಿಡೇಟಸ್ ದೊರೆಯ ಸೈನ್ಯ, 69ರಲ್ಲಿ ಕಡಲ್ಗಳ್ಳರು. ಎರಡೇ ಪೆಟ್ಟಿಗೆ ಊರು ಏಳಲಿಲ್ಲ. ಈಗ ಅಲ್ಲಿರುವವರು ಕೆಲವೇ ಕಾವಲುಗಾರರು, ಅಗೆತದ ಕೆಲಸದವರು. ಪ್ರವಾಸಿಗರು ರಾತ್ರಿ ತಂಗುವಂತಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತೇವಲ್ಲ, ಡೆಲೋಸಿಗೆ ಹಲ್ಲಿಗಳೇ ಗೌಡರು. ಪ್ರಸಿದ್ಧವಾದ ಅಮೃತಶಿಲೆಯ ಸಿಂಹಗಳ ಸಾಲೂ ಇದೆ. ಹೊರಗೆ ನಿಂತಿರುವವು ಪ್ರತಿಕೃತಿ, ಅಸಲಿಯನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಸಿಂಹಗಳು ನೋಡುತ್ತಿದ್ದ ಪವಿತ್ರ ಸರೋವರವನ್ನು ಮಲೇರಿಯಾದ ಕಾಟಕ್ಕೆ 1920ರ ದಶಕದಲ್ಲಿ ಒಣಗಿಸಿಬಿಟ್ಟರು. ನಮ್ಮ ಕೆರೆಗಳನ್ನು ಮುಚ್ಚುವಾಗಲೂ ಸೊಳ್ಳೆಯ ಹೆಸರು ಕೇಳಿಬಂದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಇರಲಿ. ಜುಲೈ ಆಗಸ್ಟಿನಲ್ಲಿ ಮೆಲ್ಟೆಮಿ ಎಂಬ ಬಡಗಣ ಗಾಳಿ ಜೋರಾದರೆ ಡೆಲೋಸಿನ ದೋಣಿ ಹೊರಡುವುದೇ ಇಲ್ಲ. ನಾವು ಹೋದದ್ದು ಸೆಪ್ಟೆಂಬರಿನ ಕೊನೆಯಲ್ಲಿ, ಗಾಳಿ ಕರುಣೆ ತೋರಿತು.

ಕುಶಾದಾಸಿಯಿಂದ ಎಫೆಸಸ್. ಇದು ಈಗ ಟರ್ಕಿಯ ನೆಲ, ಆದರೆ ಗ್ರೀಕರು ಕಟ್ಟಿ ರೋಮನರು ಬೆಳೆಸಿದ ಊರು. ಸೆಲ್ಸಸ್ ಗ್ರಂಥಾಲಯದ ಎರಡಂತಸ್ತಿನ ಮುಖವನ್ನು ಬಿದ್ದ ಕಲ್ಲುಗಳಿಂದ 1970ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು. ಸಾಲಾಗಿ ತೂತಿರುವ ಕಲ್ಲುಬೆಂಚಿನ ಸಾರ್ವಜನಿಕ ಶೌಚಾಲಯ ಇದೆ, ಕಾಲ ಮುಂದೆ ಹರಿಯುವ ನೀರಿನ ಕಾಲುವೆ ಸಮೇತ. ಅದರ ಮೇಲೆ ಕೂರಬಾರದು ಅಂತ ಕಾವಲುಗಾರ ಕೂಗಿದ. ನಾನು ಕೂರುತ್ತಿರಲಿಲ್ಲ, ಇಳಿಜಾರು ನೋಡುತ್ತಿದ್ದೆ. ಎಫೆಸಸ್ ಬಂದರು ಪಟ್ಟಣ, ಆದರೆ ಈಗ ಅಲ್ಲಿಂದ ಸಮುದ್ರ ಕಾಣಬೇಕಾದರೆ ಕಿಲೋಮೀಟರುಗಟ್ಟಲೆ ಹೋಗಬೇಕು. ನದಿ ತಂದ ಹೂಳು ಬಂದರನ್ನೇ ನುಂಗಿತು. ಇದರಲ್ಲಿ ನಮ್ಮ ವೃತ್ತಿಯವರ ಕೈವಾಡವೂ ಇದೆ. ದೊಡ್ಡ ಹಡಗು ಒಳಗೆ ಬರಲು ಆಳ ಹೆಚ್ಚಲಿ ಎಂದು ಅತ್ತಾಲಸ್ ದೊರೆಯೂ ಅವನ ಎಂಜಿನಿಯರುಗಳೂ ಬಂದರಿನ ಬಾಯಿಗೆ ಕಟ್ಟೆ ಕಟ್ಟಿ ಕಿರಿದು ಮಾಡಿದರಂತೆ. ಆದದ್ದು ತಿರುಗುಮುರುಗು. ಮೊದಲು ಸಮುದ್ರದ ಏರಿಳಿತ ಹೂಳನ್ನು ಹೊರಗೆ ಎಳೆದುಕೊಂಡು ಹೋಗುತ್ತಿತ್ತು, ಕಟ್ಟೆ ಬಂದಮೇಲೆ ಹೂಳೆಲ್ಲ ಒಳಗೇ ಉಳಿಯಿತು. ಇದನ್ನು ಬರೆದಿಟ್ಟವನೂ ಸ್ಟ್ರಾಬೊನೇ. ಎಂಜಿನಿಯರುಗಳ ತಪ್ಪನ್ನು ಜನ ಎರಡು ಸಾವಿರ ವರ್ಷ ಮರೆಯುವುದಿಲ್ಲ ನೋಡಿ.

ಅವತ್ತೇ ಮಧ್ಯಾಹ್ನ ಪಾಟ್ಮೋಸ್‌ಗೆ ಹೊರಟೆವು. ಆ ದಾರಿಯಲ್ಲಿ ನನಗೆ ಆದ ಹೊಟ್ಟೆಯುರಿ ಒಂದಿದೆ, ಅದನ್ನು ಕೊನೆಗೆ ಹೇಳುತ್ತೇನೆ. ಪಾಟ್ಮೋಸಿನ ಗುಡ್ಡದ ಮೇಲೆ 1088ರಲ್ಲಿ ಕಟ್ಟಲು ತೊಡಗಿದ ಸಂತ ಜಾನನ ಮಠ ಇದೆ. ಹೊರಗಿನಿಂದ ಕೋಟೆ, ಒಳಗೆ ಧೂಪದ ವಾಸನೆ. ತಂಗಿ ಅಲ್ಲಿ ಒಂದು ಗಂಟೆ ಸುಮ್ಮನೆ ಕೂತಳು. ನನಗೆ ಮಂಡಿ ನೋವು, ನಾನೂ ಕೂತೆ.

ರೋಡ್ಸ್ ಅಂದ ಕೂಡಲೇ ಎಲ್ಲರೂ ಕೇಳುವುದು ಆ ದೈತ್ಯ ಕಂಚಿನ ವಿಗ್ರಹ. ಸುಮಾರು 33 ಮೀಟರ್ ಎತ್ತರದ್ದು, ಕ್ರಿ.ಪೂ. 226ರ ಆಸುಪಾಸಿನ ಭೂಕಂಪಕ್ಕೆ ಬಿತ್ತು. ಎಲ್ಲಿ ನಿಂತಿತ್ತು ಅನ್ನುವುದೇ ಇವತ್ತಿಗೆ ತೀರ್ಮಾನವಾಗಿಲ್ಲ. ಬಂದರಿನ ಎರಡೂ ಬದಿಗೆ ಕಾಲಿಟ್ಟು ನಿಂತಂತೆ ಮಾರುವ ಗೊಂಬೆಗಳನ್ನು ನಂಬಬೇಡಿ. ಈಗ ನೋಡಲು ಸಿಗುವುದು 1309ರಿಂದ 1522ರವರೆಗೆ ಆಳಿದ ಸಂತ ಜಾನನ ಯೋಧರ, ಅಂದರೆ ಕತ್ತಿ ಹಿಡಿದ ಕ್ರೈಸ್ತ ಸನ್ಯಾಸಿಗಳ, ಕೋಟೆಪಟ್ಟಣ. ಕಲ್ಲುಹಾಸಿನ ಬೀದಿಯ ಇಕ್ಕೆಲದಲ್ಲಿ ಆಯಾ ಭಾಷೆಯ ಯೋಧರಿಗೆ ಒಂದೊಂದು ಛತ್ರ. ಚೆಂದ ಇದೆ, ಆದರೆ ಇಟಲಿಯವರು ತಮ್ಮ ಆಳ್ವಿಕೆಯಲ್ಲಿ ತಿದ್ದಿ ತೀಡಿದ್ದೂ ಅದರಲ್ಲಿ ಬೇಕಾದಷ್ಟಿದೆ.

ನನಗೆ ರೋಡ್ಸ್ ಬೇಕಾಗಿದ್ದು ಬೇರೆ ಕಾರಣಕ್ಕೆ. ಕ್ರಿ.ಪೂ. 316ರಲ್ಲಿ ಅಲ್ಲೊಂದು ಪ್ರವಾಹ ಆಯಿತು. ಇತಿಹಾಸಕಾರ ಡಯೊಡೊರಸ್ ಅದನ್ನು ವಿವರವಾಗಿ ಬರೆದಿದ್ದಾನೆ. ಊರು ನಾಟಕಶಾಲೆಯ ಆಕಾರದಲ್ಲಿ ಇಳಿಜಾರಾಗಿತ್ತು, ಸುತ್ತಲ ನೀರೆಲ್ಲ ಒಂದೇ ತಗ್ಗಿಗೆ ಬರಬೇಕು. ಚಳಿಗಾಲ ಮುಗಿಯಿತು, ಇನ್ನು ಮಳೆಯಿಲ್ಲ ಅಂತ ಚರಂಡಿಗಳನ್ನು ಯಾರೂ ನೋಡಲಿಲ್ಲ. ಕೋಟೆಗೋಡೆಯಲ್ಲಿ ನೀರು ಹೊರಹೋಗಲು ಬಿಟ್ಟಿದ್ದ ಕಂಡಿಗಳು ಕಟ್ಟಿಕೊಂಡಿದ್ದವು. ಆಗ ವಸಂತದ ಶುರುವಿನಲ್ಲಿ ಆಲಿಕಲ್ಲಿನ ಜೊತೆ ಮಳೆ ಹೊಯ್ಯಿತು. ತಗ್ಗಿನ ಬೀದಿಗಳು, ಸಂತೆ, ಗುಡಿ ಎಲ್ಲ ಮುಳುಗಿದವು. ಜನ ಮಾಡು ಹತ್ತಿದರು, ಕೆಲವರು ಹಡಗಿನ ಕಡೆ ಓಡಿದರು. ಕೊನೆಗೆ ಕೋಟೆಗೋಡೆಯ ಒಂದು ಭಾಗ ತಾನೇ ಒಡೆದು ನೀರು ಸಮುದ್ರಕ್ಕೆ ನುಗ್ಗಿತು. ಅದು ಒಡೆಯದೇ ಇದ್ದಿದ್ದರೆ ಊರೇ ಹೋಗುತ್ತಿತ್ತು. ಐನೂರಕ್ಕೂ ಹೆಚ್ಚು ಜನ ಸತ್ತರು.

ಯಾಕೆ ನಗುತ್ತಿದ್ದೀರಿ? ರಾಜಕಾಲುವೆ ನೆನಪಾಯಿತೇ? ನನಗೂ ಆಯಿತು. ಏಪ್ರಿಲ್‌ನಲ್ಲಿ ಹೂಳು ತೆಗೆಯುವ ಟೆಂಡರ್ ಕರೆಯಬೇಕು, ಜೂನ್‌ನಲ್ಲಿ ಕರೆಯುತ್ತೇವೆ. ಅಲ್ಲಿನ ಹಳೆಯ ಗೋಡೆಯ ಬುಡದಲ್ಲಿ ನಿಂತು ತಂಗಿಗೆ ಇದನ್ನೆಲ್ಲ ಹೇಳಿದೆ. ಅವಳು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು, ‘ಈ ಕಥೆ ಯಾವ ಪಠ್ಯದಲ್ಲೂ ಇಲ್ಲವಲ್ಲೇ’ ಅಂದಳು. ಯುದ್ಧದ ತೇದಿ ಇರುತ್ತದೆ, ಚರಂಡಿ ಕಟ್ಟಿಕೊಂಡ ತೇದಿ ಇರುವುದಿಲ್ಲ.

ಕ್ರೀಟ್ ದ್ವೀಪದ ಹೆರಾಕ್ಲಿಯನ್ ಬಂದರಿನಿಂದ ಐದೇ ಕಿಲೋಮೀಟರು ಕ್ನೋಸೋಸ್, ಪ್ರಾಚೀನ ಅರಮನೆಯೊಂದರ ಅವಶೇಷ. ಇಲ್ಲಿ ನಾವೊಂದು ತಪ್ಪು ಮಾಡಿದೆವು. ಹಡಗಿನಲ್ಲೇ ಮಾರುವ ಬಸ್ ಪ್ರವಾಸ ಕೊಂಡೆವು. ಅರಮನೆಯಲ್ಲಿ ಮುಕ್ಕಾಲು ಗಂಟೆ, ಆಮೇಲೆ ಒಡವೆ ಅಂಗಡಿಯಲ್ಲಿ ಒಂದು ಗಂಟೆ. ಬಂದರಿನಿಂದ ಊರಿನ ಬಸ್ಸು ಹಿಡಿದರೂ ತಲುಪಬಹುದಿತ್ತು. ಹಡಗಿನವರ ಬಸ್ಸಿನಲ್ಲಿ ಹೋದರೆ ತಡವಾದರೂ ಹಡಗು ಕಾಯುತ್ತದೆ ಅನ್ನುವ ಒಂದು ಧೈರ್ಯ ಇದೆ, ನಿಜ. ದೂರದ ಊರಿಗಾದರೆ ಅದೇ ಸರಿ. ಐದು ಕಿಲೋಮೀಟರಿಗೆ ಆ ಧೈರ್ಯಕ್ಕೆ ಅಷ್ಟು ದುಡ್ಡು ಕೊಡಬೇಕಾಗಿಲ್ಲ.

ಕ್ನೋಸೋಸ್‌ನಲ್ಲಿ 1878ರಲ್ಲಿ ಮೊದಲು ಅಗೆದವನು ಅಲ್ಲಿಯವನೇ ಆದ ಮಿನೋಸ್ ಕಾಲೊಕೈರಿನೋಸ್. ಹೆಸರು ಮಾಡಿದವನು 1900ರಲ್ಲಿ ಬಂದ ಆರ್ಥರ್ ಇವಾನ್ಸ್. ಇವಾನ್ಸ್ ಬರೀ ಅಗೆಯಲಿಲ್ಲ, ಕಾಂಕ್ರೀಟ್ ಹಾಕಿ ಕಟ್ಟಿದ. ನೀವು ಫೋಟೊದಲ್ಲಿ ನೋಡುವ ಕೆಂಪು ಕಂಬಗಳು ಸಿಮೆಂಟಿನವು. ತಂಗಿಗೆ ಇದು ಸಹಿಸಲಿಲ್ಲ. ನನಗೆ ಅಷ್ಟು ಕೋಪ ಬರಲಿಲ್ಲ, ಮೇಲಂತಸ್ತು ಹೇಗಿತ್ತು ಅಂತ ಕಣ್ಣಿಗೆ ಕಂಡಿತಲ್ಲ ಅನಿಸಿತು. ಆದರೆ ಆ ಕಾಂಕ್ರೀಟೇ ಈಗ ಬಿರುಕು ಬಿಟ್ಟು, ರಿಪೇರಿಗೇ ರಿಪೇರಿ ಬೇಕಾಗಿದೆ. ಹಳೆಯದು ಇವಾನ್ಸನಿಗಿಂತ ಗಟ್ಟಿ. ನೆಲದಡಿ ಹಾಕಿದ ಸುಟ್ಟ ಮಣ್ಣಿನ ಕೊಳವೆಗಳನ್ನು ನೋಡಿ. ಒಂದೊಂದೂ ಸುಮಾರು ಮುಕ್ಕಾಲು ಮೀಟರ್ ಉದ್ದ, ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಒಂದರ ಮೂತಿ ಮುಂದಿನದರ ಬಾಯೊಳಗೆ ಕೂರುತ್ತದೆ, ಸಂದಿಗೆ ಗಾರೆ. ಮೂತಿ ಕಿರಿದಾದ ಕಡೆ ನೀರು ವೇಗ ಪಡೆದು ಮಣ್ಣನ್ನು ತಾನೇ ತಳ್ಳಿಕೊಂಡು ಹೋಗಲಿ ಅನ್ನುವುದೇ ಲೆಕ್ಕಾಚಾರ ಎಂದು ಅದನ್ನು ವಿವರಿಸುತ್ತಾರೆ. ಪೂರ್ವದ ಮೆಟ್ಟಿಲ ಪಕ್ಕದಲ್ಲಿ ಮಳೆನೀರಿನ ಕಾಲುವೆ ಇಳಿಯುತ್ತದೆ. ಅದು ನೇರ ಧುಮುಕುವುದಿಲ್ಲ. ಪ್ರತಿ ಮೆಟ್ಟಿಲಿಗೂ ಬಿಲ್ಲಿನಂತೆ ಬಾಗಿ ಬಾಗಿ ಇಳಿಯುತ್ತದೆ, ಹಾಗಾಗಿ ತಿರುವಿನಲ್ಲಿ ನೀರು ಹೊರಗೆ ಎರಚುವುದಿಲ್ಲ. ಮಧ್ಯೆ ಕೆಸರು ತಂಗಲು ಗುಂಡಿಗಳು. ಸಿಂಹಾಸನದ ಕೋಣೆಗೆ ಉದ್ದ ಸಾಲು ಇತ್ತು. ಈ ಕಾಲುವೆಯ ಮುಂದೆ ನಾನೊಬ್ಬಳೇ.

ನಿಮ್ಮಲ್ಲಿ ಯಾರಾದರೂ ಗ್ರೀಕಿನಲ್ಲಿ ಕನ್ನಡ ಇದೆಯಂತಲ್ಲ ಅಂತ ಕೇಳೇ ಕೇಳುತ್ತೀರಿ. ಇದೆ ಅನ್ನುವವರಿದ್ದಾರೆ, ಆದರೆ ಅದು ಈ ದ್ವೀಪಗಳಲ್ಲಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಕಸದ ರಾಶಿಯಿಂದ ತೆಗೆದ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಒಂದರಲ್ಲಿ ಗ್ರೀಕ್ ಪ್ರಹಸನ ಇದೆ. 1903ರಲ್ಲಿ ಅಚ್ಚಾಯಿತು. ಚಾರಿಷನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯಲ್ಲಿ ಸೆರೆ ಸಿಕ್ಕಿ ತಪ್ಪಿಸಿಕೊಳ್ಳುವ ಕಥೆ. ಅದರಲ್ಲಿ ಅಲ್ಲಿಯ ದೊರೆ, ಜನ ಆಡುವ ಅರ್ಥವಾಗದ ಮಾತುಗಳನ್ನು ಹುಲ್ಟ್ಷ್ ಎಂಬ ವಿದ್ವಾಂಸರು ಕನ್ನಡ ಇರಬಹುದು ಅಂದರು. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ದಾರಿಯಲ್ಲಿ ಓದಿದರು. ಒಪ್ಪದವರೂ ಇದ್ದಾರೆ. ನಾನು ಪೈಪಿನವಳು, ತೀರ್ಪು ಕೊಡುವುದಿಲ್ಲ. ಆದರೆ ನಮ್ಮ ಕಡೆಯಿಂದ ಹೋದದ್ದು ಅಂತ ವಾದ ಹೂಡಬಹುದಾದ ಇನ್ನೊಂದು ಪ್ರಾಣಿ ನಮಗೆ ಸ್ಯಾಂಟೊರಿನಿಯಲ್ಲಿ ಸಿಕ್ಕಿತು. ಅಲ್ಲಿಗೆ ಹೋಗೋಣ.

ಸ್ಯಾಂಟೊರಿನಿಯಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಅದು ನಿಲ್ಲುವುದು ಜ್ವಾಲಾಮುಖಿಯ ಬಾಯಲ್ಲಿ. ಬೆಟ್ಟ ಸ್ಫೋಟಗೊಂಡು ನಡುಭಾಗ ಕುಸಿದು ಸಮುದ್ರ ನುಗ್ಗಿದ ಬಟ್ಟಲು ಅದು. ಸಣ್ಣ ದೋಣಿಯಲ್ಲಿ ಹಳೆಯ ಬಂದರಿಗೆ ಇಳಿಸುತ್ತಾರೆ. ತಲೆ ಎತ್ತಿದರೆ ಇನ್ನೂರು ಮೀಟರಿಗೂ ಎತ್ತರದ ಕಡಿದಾದ ಬಂಡೆ, ಅದರ ತಲೆಯ ಮೇಲೆ ಹಿಮ ಸುರಿದಂತೆ ಫಿರಾ ಪಟ್ಟಣ. ಹತ್ತಲು ಮೂರು ದಾರಿ: ಕೇಬಲ್ ಕಾರು, ಐನೂರೆಂಬತ್ತು ಚಿಲ್ಲರೆ ಮೆಟ್ಟಿಲು, ಇಲ್ಲವೇ ಹೇಸರಗತ್ತೆಯ ಬೆನ್ನು. ನೂರು ಕಿಲೋಗಿಂತ ಹೆಚ್ಚು ತೂಕವನ್ನು ಈ ಪ್ರಾಣಿಗಳ ಮೇಲೆ ಹೇರಬಾರದೆಂದು 2018ರಲ್ಲಿ ಸರ್ಕಾರವೇ ನಿಯಮ ಮಾಡಬೇಕಾಯಿತು. ನಾವು ಕೇಬಲ್ ಕಾರಿಗೆ ಒಂದು ಗಂಟೆ ಬಿಸಿಲಲ್ಲಿ ನಿಂತೆವು. ಅವತ್ತು ಬಟ್ಟಲಲ್ಲಿ ನಾಲ್ಕು ಹಡಗು ನಿಂತಿದ್ದವು.

ಹದಿನೈದು ಸಾವಿರ ಜನ ಇರುವ ದ್ವೀಪಕ್ಕೆ 2023ರಲ್ಲಿ ಸುಮಾರು 800 ಹಡಗುಗಳಲ್ಲಿ 13 ಲಕ್ಷ ಪ್ರವಾಸಿಗರು ಬಂದಿಳಿದರು. 2025ರಿಂದ ದಿನಕ್ಕೆ ಹಡಗಿನ 8,000 ಜನ ಮಾತ್ರ ಅಂತ ಮಿತಿ ಹಾಕಿದ್ದಾರೆ. ಮಿಕೊನೊಸ್, ಸ್ಯಾಂಟೊರಿನಿಗಳಲ್ಲಿ ಬೇಸಿಗೆಯ ನೂಕುನುಗ್ಗಲಿನ ತಿಂಗಳುಗಳಲ್ಲಿ ತಲೆಗೆ 20 ಯೂರೊ ಶುಲ್ಕ ಕೂಡ ಇದೆ. ನಮ್ಮ ಮೇಜಿನವರು ಇದನ್ನು ಸುಲಿಗೆ ಅಂದರು. ನನಗೆ ಹಾಗನಿಸಲಿಲ್ಲ. ಆ ಊರು ಹಿಂದೆ ಮಾಡಿನ ಮಳೆನೀರನ್ನು ಮನೆಯಡಿಯ ತೊಟ್ಟಿಯಲ್ಲಿ ಕೂಡಿಟ್ಟು ಬಾಳಿದ ಊರು. ಸುಣ್ಣ ಬಳಿದ ಆ ಗುಮ್ಮಟದ ಮಾಡುಗಳ ಮೇಲೆ ಬಿದ್ದ ನೀರೇ ವರ್ಷವಿಡೀ ಕುಡಿಯಲು. ಈಗ ಸಮುದ್ರದ ನೀರಿನ ಉಪ್ಪು ತೆಗೆಯುವ ಘಟಕಗಳ ಮೇಲೆ ನಿಂತಿದೆ, ಕುಡಿಯಲು ಬಾಟಲಿ. ನಾವು ನಾಲ್ಕು ಗಂಟೆ ಬಂದು, ಶೌಚಾಲಯ ಬಳಸಿ, ಬಾಟಲಿ ಎಸೆದು ಹೋಗುತ್ತೇವೆ. ಇಪ್ಪತ್ತು ಯೂರೊ ಹೆಚ್ಚೇನಲ್ಲ.

ಫೋಟೊಗೆ ಎಲ್ಲರೂ ಇಯಾ ಎಂಬ ಊರಿಗೆ ಓಡುತ್ತಾರೆ. ನಾವು ಬಸ್ಸು ಹಿಡಿದು ಅಕ್ರೋತಿರಿಗೆ ಹೋದೆವು. ಸುಮಾರು ಕ್ರಿ.ಪೂ. 1600ರ ಸ್ಫೋಟದಲ್ಲಿ ಬೂದಿಯಡಿ ಹೂತುಹೋದ ಊರು. ಇದರ ಸುಳಿವು ಸಿಕ್ಕ ಬಗೆ ನನ್ನಂಥವರಿಗೆ ಇಷ್ಟವಾಗುವಂಥದ್ದು. ಸುಣ್ಣಕ್ಕೆ ಈ ಜ್ವಾಲಾಮುಖಿಯ ಬೂದಿ ಬೆರೆಸಿದರೆ ನೀರಿನೊಳಗೂ ಗಟ್ಟಿಯಾಗುವ ಗಾರೆ ಆಗುತ್ತದೆ. 1860ರ ದಶಕದಲ್ಲಿ ಸೂಯೆಜ್ ಕಾಲುವೆಯ ಕೆಲಸಕ್ಕೆ ಇಲ್ಲಿಂದ ಬೂದಿ ತೋಡಿದರು. ತೋಡಿದಾಗ ಅಡಿಯಲ್ಲಿ ಗೋಡೆಗಳು ಸಿಕ್ಕವು. ಅಕ್ರೋತಿರಿಯಲ್ಲಿ ಸ್ಪಿರಿಡಾನ್ ಮರಿನಾಟೋಸ್ ಅಗೆಯಲು ತೊಡಗಿದ್ದು 1967ರಲ್ಲಿ. 1974ರಲ್ಲಿ ಅದೇ ಅಗೆತದ ಜಾಗದಲ್ಲಿ ಅವರು ತೀರಿಕೊಂಡರು.

ಎರಡು ಮೂರು ಅಂತಸ್ತಿನ ಮನೆಗಳು, ಕಲ್ಲುಹಾಸಿನ ಬೀದಿ. ಬೀದಿಯ ಕಲ್ಲಿನ ಕೆಳಗೆ, ಹೌದು, ಒಳಚರಂಡಿ! ‘ಪಶ್ಚಿಮದ ಮನೆ’ ಅಂತ ಕರೆಯುವ ಮನೆಯ ಮಹಡಿಯಲ್ಲಿ ಶೌಚಾಲಯ. ಅಲ್ಲಿಂದ ಮಣ್ಣಿನ ಕೊಳವೆ ಗೋಡೆಯೊಳಗೆ ಇಳಿದು ಬೀದಿಯ ಚರಂಡಿ ಸೇರುತ್ತದೆ. ಮೂರು ಸಾವಿರದ ಆರುನೂರು ವರ್ಷ! ನಾನು ಕೆಲಸಕ್ಕೆ ಸೇರಿದಾಗ ನಮ್ಮ ಎಷ್ಟು ತಾಲ್ಲೂಕು ಕೇಂದ್ರಗಳಲ್ಲಿ ಒಳಚರಂಡಿ ಇತ್ತು ಅಂತ ನೀವೇ ನೆನಪಿಸಿಕೊಳ್ಳಿ. ಮನೆಗಳ ಜೊತೆ ಹೆಣಗಳು ಸಿಗಲಿಲ್ಲ. ಸ್ಫೋಟಕ್ಕೆ ಮುಂಚೆ ಭೂಮಿ ನಡುಗಿ ಜನ ಎಚ್ಚೆತ್ತು ಹೊರಟಿದ್ದರು. ಕೆಲವರು ವಾಪಸ್ಸು ಬಂದು ಬಿದ್ದ ಕಲ್ಲು ಒಟ್ಟಿ, ಮಂಚಗಳನ್ನು ಹೊರಗೆ ಪೇರಿಸಿ ರಿಪೇರಿ ಶುರುಮಾಡಿದ ಗುರುತಿದೆ. ಆಮೇಲೆ ಬೂದಿ ಬಿತ್ತು. ಮಂಚದ ಕಟ್ಟಿಗೆ ಕೊಳೆತು ಹೋಗಿದೆ, ಬೂದಿಯಲ್ಲಿ ಅದರ ಅಚ್ಚು ಉಳಿದಿತ್ತು. ಅಚ್ಚಿಗೆ ಗಾರೆ ಎರೆದು ಮಂಚ ಎತ್ತಿದ್ದಾರೆ. ಇಡೀ ಊರಿನ ಮೇಲೆ ಈಗ ಚಾವಣಿ ಇದೆ. 2005ರಲ್ಲಿ ಹೊಸ ಚಾವಣಿಯ ಒಂದು ಭಾಗ ಕುಸಿದು ಪ್ರವಾಸಿಯೊಬ್ಬರು ಸತ್ತರು. ಮತ್ತೆ ಬಾಗಿಲು ತೆರೆದದ್ದು 2012ರಲ್ಲಿ.

ಪ್ರಾಣಿಯ ವಿಷಯ ಅಂದೆನಲ್ಲ. ಫಿರಾದ ಮ್ಯೂಸಿಯಮ್ಮಿನಲ್ಲಿ ಅಕ್ರೋತಿರಿಯ ಒಂದು ಭಿತ್ತಿಚಿತ್ರ ಇದೆ, ಬಂಡೆ ಹತ್ತುತ್ತಿರುವ ನೀಲಿ ಕೋತಿಗಳು. ನೋಡಿದ ಕೂಡಲೇ ತಂಗಿ ನನ್ನ ಕೈ ಚಿವುಟಿ, ‘ಅಕ್ಕಾ, ನಮ್ಮೂರ ತೋಟದ ಮುಸಿಯ ಕಣೇ ಇದು!’ ಅಂದಳು. ನಾವು ಹುಟ್ಟಿದ್ದು ಮಲೆನಾಡಿನಲ್ಲಿ, ಬಾಳೆಗೊನೆಗಾಗಿ ಮುಸಿಯಗಳ ಜೊತೆ ಜಗಳವಾಡುತ್ತಲೇ ಬೆಳೆದವರು. ಏಜಿಯನ್ ದ್ವೀಪಗಳಲ್ಲಿ ಕೋತಿಯೇ ಇಲ್ಲ. 2019ರ ಕೊನೆಯಲ್ಲಿ ಪುರಾತತ್ವದವರೂ ಕೋತಿಗಳ ತಜ್ಞರೂ ಸೇರಿ ಒಂದು ಪ್ರಬಂಧ ಪ್ರಕಟಿಸಿ, ಬಾಲವನ್ನು ಬಾಗಿಸಿ ಮೇಲೆತ್ತಿ ಹಿಡಿಯುವ ಇವು ಲಂಗೂರ್, ಅಂದರೆ ಭಾರತದ ಕಡೆಯ ಮುಸಿಯಗಳು ಅಂತ ವಾದಿಸಿದರು. ಸಿಂಧೂ ಕಣಿವೆಯಿಂದ ಮೆಸೊಪೊಟೇಮಿಯಾದ ದಾರಿಯಾಗಿ ಪ್ರಾಣಿಯೋ ಅದರ ಚಿತ್ರವೋ ಅಲ್ಲಿಯವರಿಗೆ ತಲುಪಿರಬಹುದಂತೆ. ತಂಗಿ ಪ್ರಬಂಧ ಓದಿರಲಿಲ್ಲ. ಬಾಲ ನೋಡಿಯೇ ಹೇಳಿದಳು.

ಊಟದ ಬಗ್ಗೆ ಎರಡು ಮಾತು, ಯಾಕೆಂದರೆ ಕೊನೆಗೆ ನೀವು ಕೇಳುವುದು ಅದನ್ನೇ. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಸ್ಯಾಂಟೊರಿನಿಯ ‘ಫಾವಾ’ ಕೇಳಿ ತಿನ್ನಿ. ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಸೆದು, ಮೇಲೆ ಈರುಳ್ಳಿ, ಆಲಿವ್ ಎಣ್ಣೆ. ತೊವ್ವೆ! ಒಗ್ಗರಣೆ ಇಲ್ಲ ಅನ್ನುವುದೊಂದೇ ಕೊರತೆ. ಟೊಮೇಟೊ ಬೋಂಡದಂಥದ್ದೂ ಒಂದು ಇದೆ. ಚರ್ಚಿನ ಉಪವಾಸದ ಅಡುಗೆಗೆ ‘ನಿಸ್ತೀಸಿಮೊ’ ಅನ್ನುತ್ತಾರೆ, ಆ ಪದ ಹೇಳಿದರೆ ಮಾಂಸ, ಮೊಟ್ಟೆ, ಹಾಲು ಹಾಕದ ತಿಂಡಿ ಕೊಡುತ್ತಾರೆ. ಆದರೆ ಹುಷಾರು, ಅವರ ಉಪವಾಸಕ್ಕೆ ಆಕ್ಟೊಪಸ್, ಸಿಗಡಿ ನಡೆಯುತ್ತದೆ. ಹೊಲಗಳಲ್ಲಿ ದ್ರಾಕ್ಷಿಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ, ನೆಲದ ಮೇಲೆ ಬುಟ್ಟಿಯಂತೆ ಸುತ್ತಿ ಬೆಳೆಸಿರುವುದನ್ನೂ ನೋಡಿ. ಗಾಳಿಯ ಹೊಡೆತಕ್ಕೆ ಹಣ್ಣು ಬುಟ್ಟಿಯೊಳಗೆ ಅಡಗಿರುತ್ತದೆ. ಸಮುದ್ರದ ಮಂಜನ್ನು ಬುರುಗುಕಲ್ಲಿನ ಮಣ್ಣು ಹೀರಿ ಬೇರಿಗೆ ಕೊಡುತ್ತದೆ. ಹನಿ ನೀರಾವರಿಗೂ ಮುಂಚಿನ ಹನಿ ನೀರಾವರಿ.

ಕೊನೆಗೆ ಆ ಹೊಟ್ಟೆಯುರಿ. ಕುಶಾದಾಸಿಯಿಂದ ಪಾಟ್ಮೋಸ್‌ಗೆ ಹೋಗುವಾಗ ಹಡಗು ಟರ್ಕಿಗೂ ಸಾಮೋಸ್ ದ್ವೀಪಕ್ಕೂ ನಡುವಿನ ಕಿರಿದಾದ ಜಲಸಂಧಿಯಲ್ಲಿ ಹಾದುಹೋಯಿತು. ಬಲಗಡೆ ಸಾಮೋಸ್, ಕೈಚಾಚಿದರೆ ಸಿಗುವಷ್ಟು ಹತ್ತಿರ. ಅಲ್ಲಿನ ಒಂದು ಗುಡ್ಡದೊಳಗೆ ಕ್ರಿ.ಪೂ. ಆರನೇ ಶತಮಾನದಲ್ಲಿ ಯುಪಲಿನೋಸ್ ಎಂಬ ಎಂಜಿನಿಯರ್ ಊರಿಗೆ ಕುಡಿಯುವ ನೀರು ತರಲು ಸುರಂಗ ಕೊರೆಸಿದ. ಉದ್ದ 1,036 ಮೀಟರು. ಕೊರೆದದ್ದು ಒಂದೇ ಕಡೆಯಿಂದಲ್ಲ. ಗುಡ್ಡದ ಎರಡೂ ಬದಿಯಿಂದ ಎರಡು ತಂಡ ಕತ್ತಲಲ್ಲಿ ಉಳಿ ಸುತ್ತಿಗೆ ಹಿಡಿದು ಹೊರಟು ನಡುವೆ ಸೇರಬೇಕು. ಕೋನ ಅಳೆಯುವ ಥಿಯೋಡೊಲೈಟ್ ಇಲ್ಲ, ದಿಕ್ಸೂಚಿ ಇಲ್ಲ. ಒಂದು ಡಿಗ್ರಿ ತಪ್ಪಿದರೂ ಎರಡು ಸುರಂಗ ಪಕ್ಕಪಕ್ಕದಲ್ಲೇ ದಾಟಿಹೋಗುತ್ತವೆ, ಜನ್ಮದಲ್ಲಿ ಸೇರುವುದಿಲ್ಲ. ಅದಕ್ಕೆ ಅವನು ಏನು ಮಾಡಿದ ಗೊತ್ತೇ? ಸೇರುವ ಜಾಗ ಹತ್ತಿರವಾದಾಗ ನೇರ ಹೋಗುವುದನ್ನು ಬಿಟ್ಟು ಬೇಕೆಂದೇ ದಾರಿ ಬಾಗಿಸಿದ, ಒಂದು ಇನ್ನೊಂದನ್ನು ಅಡ್ಡ ಕತ್ತರಿಸಲೇಬೇಕು ಅನ್ನುವ ಹಾಗೆ. ಕತ್ತರಿಸಿತು. ನೀರು ಹರಿಯಿತು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಅದನ್ನು ಗ್ರೀಕರ ಮಹಾಕಾರ್ಯಗಳಲ್ಲಿ ಒಂದು ಅಂತ ಬರೆದ. ಇಂದಿಗೂ ಒಳಗೆ ಹೋಗಿ ನೋಡಬಹುದು.

ಓದುವಾಗಿನಿಂದ ನಾನು ನೋಡಬೇಕು ಅಂದುಕೊಂಡಿದ್ದ ಒಂದೇ ಒಂದು ಜಾಗ. ನಮ್ಮ ಹಡಗಿನ ಪಟ್ಟಿಯಲ್ಲಿ ಸಾಮೋಸ್ ಇರಲಿಲ್ಲ. ಅಟ್ಟದ ಕಟಕಟೆ ಹಿಡಿದು ನಿಂತೆ, ಹಿಂದೆ ಈಜುಕೊಳದಲ್ಲಿ ಹಾಡು ಹಾಕಿದ್ದರು. ಗುಡ್ಡ ನಿಧಾನವಾಗಿ ಹಿಂದೆ ಸರಿಯಿತು. ಕುಶಾದಾಸಿಯಿಂದ ಸಾಮೋಸಿಗೆ ಬೇಸಿಗೆಯಲ್ಲಿ ಸಣ್ಣ ದೋಣಿ ಇದೆ ಅಂತ ವಾಪಸ್ಸು ಬಂದಮೇಲೆ ಗೊತ್ತಾಯಿತು. ಮುಂದಿನ ವರ್ಷಕ್ಕೆ ತಂಗಿಯನ್ನು ಒಪ್ಪಿಸಿದ್ದೇನೆ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಸುಮಾರು ಐದು ಮೀಟರ್ ಎತ್ತರದ ಅಮೃತಶಿಲೆಯ ಯುವಕನ ವಿಗ್ರಹ ಇದೆಯಂತೆ, ಅವಳು ಆಗಲೇ ಪತ್ತೆ ಹಚ್ಚಿಟ್ಟುಕೊಂಡಿದ್ದಾಳೆ. ಒಂದೇ ಷರತ್ತು ಹಾಕಿದ್ದಾಳೆ: ಮೊದಲು ವಿಗ್ರಹ, ಆಮೇಲೆ ಸುರಂಗ.